ಬಳಸಿದ ಉಡುಪು

ಬಳಸಿದ ಉಡುಪು ಎಂದರೆ ಒಬ್ಬರು ಉಟ್ಟು ಅಥವಾ ತೊಟ್ಟು ಬಿಟ್ಟ ನಂತರ ಮತ್ತೊಬ್ಬರ ಬಳಕೆಗೆ ಬರುವ ಬಟ್ಟೆ. ಇದನ್ನು ಹಳೆ ಬಟ್ಟೆ, ಸೆಕೆಂಡ್ ಹ್ಯಾಂಡ್ ಬಟ್ಟೆ ಎಂದೂ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹಳೇ ಅರಿವಿ ಎಂದೂ ಕರೆಯಲಾಗುತ್ತದೆ. ಮನೆಯೊಳಗೆ ಹಿರಿಯರಿಂದ ಕಿರಿಯರಿಗೆ ಸಾಗುವ ಬಟ್ಟೆ, ದಾನವಾಗಿ ಕೊಡುವ ಬಟ್ಟೆ, ಪಾತ್ರೆಗೆ ಬದಲಾಗಿ ಕೊಡುವ ಬಟ್ಟೆ, ಸಂತೆಯಲ್ಲಿ ಅಥವಾ ಅಂತರಜಾಲದಲ್ಲಿ ಮರುಮಾರಾಟವಾಗುವ ಬಟ್ಟೆ ಇವೆಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಫಾಸ್ಟ್ ಫ್ಯಾಷನ್ ಎಂಬ ಉತ್ಪಾದನಾ ಕ್ರಮಕ್ಕೆ ಪರ್ಯಾಯವಾಗಿ ಬಳಸಿದ ಉಡುಪಿನ ಆಯ್ಕೆಯನ್ನು ಪರಿಸರ ಚಿಂತಕರು ಮುಂದಿಡುತ್ತಿದ್ದಾರೆ.

ಕರ್ನಾಟಕದಲ್ಲಿ, ವಿಶೇಷವಾಗಿ ಬೆಳಗಾವಿ, ಧಾರವಾಡ, ಬಾಗಲಕೋಟೆ ಭಾಗದ ಹತ್ತಿ ಮತ್ತು ನೇಕಾರಿಕೆಯ ಸೀಮೆಯಲ್ಲಿ, ಬಟ್ಟೆಯ ಮರುಬಳಕೆ ಹೊಸ ವಿಚಾರವಲ್ಲ. ಹಳೆಯ ಸೀರೆಯಿಂದ ಕೌದಿ ಹೊಲಿಯುವ ಪದ್ಧತಿ ಅದರ ಪ್ರಮುಖ ಉದಾಹರಣೆ. ಬಟ್ಟೆಯೊಂದು ಎಷ್ಟು ಕಾಲ, ಎಷ್ಟು ರೂಪಗಳಲ್ಲಿ ಬಾಳಬಲ್ಲದು ಎಂಬುದು ಅದರ ನೂಲು ಮತ್ತು ನೇಯ್ಗೆಯ ಗುಣವನ್ನು ಅವಲಂಬಿಸಿದೆ. ಆದ್ದರಿಂದ ಬಳಸಿದ ಉಡುಪಿನ ಪ್ರಶ್ನೆಯು ಕೊಳ್ಳುವವರ ಆಯ್ಕೆಯ ಪ್ರಶ್ನೆಯಾಗಿರುವಂತೆ ಬಟ್ಟೆಯನ್ನು ಹೇಗೆ ತಯಾರಿಸಲಾಗಿದೆ ಎಂಬ ಪ್ರಶ್ನೆಯೂ ಆಗಿದೆ.

ಇತಿಹಾಸ

ಯಂತ್ರೋದ್ಯಮಕ್ಕೆ ಮೊದಲು ಬಟ್ಟೆ ಎಲ್ಲ ದೇಶಗಳಲ್ಲೂ ದುಬಾರಿಯಾದ ವಸ್ತುವಾಗಿತ್ತು. ನೂಲುವುದು, ಹಾಸು ಹೂಡುವುದು, ನೇಯುವುದು, ಬಣ್ಣ ಹಾಕುವುದು ಎಲ್ಲವೂ ಕೈಕೆಲಸವಾಗಿದ್ದುದರಿಂದ ಒಂದು ಉಡುಪಿನ ಹಿಂದೆ ಅನೇಕ ದಿನಗಳ ದುಡಿಮೆ ಇರುತ್ತಿತ್ತು. ಹೀಗಾಗಿ ಹಳೆಯ ಬಟ್ಟೆಯ ವ್ಯಾಪಾರ ಯುರೋಪ್ ಮತ್ತು ಏಷ್ಯಾದ ನಗರಗಳಲ್ಲಿ ಸಾಮಾನ್ಯವಾಗಿತ್ತು. 1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬುವರು ಹಳೆಯ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ, ಎಳೆ ಬಿಡಿಸಿ, ಹೊಸ ಉಣ್ಣೆಯೊಂದಿಗೆ ಬೆರೆಸಿ ಮತ್ತೆ ನೂಲುವ ವಿಧಾನವನ್ನು ರೂಪಿಸಿದರು. ಹೀಗೆ ತಯಾರಾದ ಬಟ್ಟೆಗೆ ಶಾಡಿ ಎಂದು ಹೆಸರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಲಿಗೆ ಯಂತ್ರ ಮತ್ತು ಸಿದ್ಧ ಉಡುಪುಗಳು ಹರಡಿದಂತೆ ಹೊಸ ಬಟ್ಟೆಯ ಬೆಲೆ ಇಳಿಯಿತು. ಹಳೆಯ ಬಟ್ಟೆ ಬಡವರ ಉಡುಪೆಂಬ ಭಾವನೆ ಬಲವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯಾಪಾರದ ಒಂದು ಭಾಗವನ್ನು ಸೇವಾಸಂಸ್ಥೆಗಳು ವಹಿಸಿಕೊಂಡವು. ಅಮೆರಿಕದ ಬಾಸ್ಟನ್‌ನಲ್ಲಿ 1902ರಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಆರಂಭಿಸಿದ ಗುಡ್‌ವಿಲ್ ಸಂಸ್ಥೆಯು ದಾನವಾಗಿ ಬಂದ ಬಟ್ಟೆಗಳನ್ನು ನಿರುದ್ಯೋಗಿಗಳಿಂದ ದುರಸ್ತಿ ಮಾಡಿಸಿ ಮಾರುತ್ತಿತ್ತು. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಆಕ್ಸ್‌ಫ್ಯಾಮ್ ಸಂಸ್ಥೆಯು ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ಇಂತಹ ಅಂಗಡಿಯನ್ನು ತೆರೆಯಿತು.

ಫಾಸ್ಟ್ ಫ್ಯಾಷನ್

ವಿನ್ಯಾಸದಿಂದ ಅಂಗಡಿಯವರೆಗಿನ ಅವಧಿಯನ್ನು ಕೆಲವೇ ವಾರಗಳಿಗೆ ಇಳಿಸಿ, ಕಡಿಮೆ ಬೆಲೆಯಲ್ಲಿ, ಮೇಲಿಂದ ಮೇಲೆ ಹೊಸ ಮಾದರಿಗಳನ್ನು ಮಾರುಕಟ್ಟೆಗೆ ತರುವ ಕ್ರಮವನ್ನು ಫಾಸ್ಟ್ ಫ್ಯಾಷನ್ ಎನ್ನುತ್ತಾರೆ. 1975ರಲ್ಲಿ ಸ್ಪೇನಿನ ಎ ಕೊರುನ್ಯಾ ನಗರದಲ್ಲಿ ಆರಂಭವಾದ ಜಾರಾ ಮಳಿಗೆಯು 1989ರಲ್ಲಿ ನ್ಯೂಯಾರ್ಕ್‌ಗೆ ಕಾಲಿಟ್ಟಾಗ ಅದರ ಮಾರಾಟ ಕ್ರಮವನ್ನು ವಿವರಿಸಲು ಪತ್ರಿಕೆಗಳು ಈ ಪದವನ್ನು ಬಳಸಿದವು. ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ, 2000ದಿಂದ 2015ರವರೆಗಿನ 15 ವರ್ಷಗಳಲ್ಲಿ ಜಗತ್ತಿನ ಉಡುಪಿನ ಉತ್ಪಾದನೆ ಸುಮಾರು ಎರಡು ಪಟ್ಟಾಯಿತು. ಅದೇ ಅವಧಿಯಲ್ಲಿ ಒಂದು ಉಡುಪನ್ನು ಬಿಸಾಡುವ ಮುನ್ನ ಧರಿಸುವ ಸಲಗಳ ಸಂಖ್ಯೆ ಶೇ 36ರಷ್ಟು ಇಳಿಯಿತು. ಉಡುಪಿಗೆ ಬಳಸಿದ ಕಚ್ಚಾವಸ್ತುವಿನಲ್ಲಿ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ಮತ್ತೆ ಹೊಸ ಉಡುಪಾಗುತ್ತದೆ ಎಂದೂ ಆ ವರದಿ ಹೇಳಿತು.

ಈ ಕ್ರಮದ ಮಾನವೀಯ ಬೆಲೆ 2013ರ ಏಪ್ರಿಲ್ 24ರಂದು ಜಗತ್ತಿನ ಗಮನಕ್ಕೆ ಬಂದಿತು. ಅಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ಸಿದ್ಧ ಉಡುಪು ಕಾರ್ಖಾನೆಗಳಿದ್ದ ರಾನಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು.

ಉತ್ತರ ಕರ್ನಾಟಕದಲ್ಲಿ ಬಟ್ಟೆಯ ಬಾಳಿಕೆ

ಹತ್ತಿ ಮತ್ತು ಮಗ್ಗ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕಪ್ಪು ಮಣ್ಣಿನ ಭೂಮಿ ಹತ್ತಿ ಬೆಳೆಗೆ ಹೆಸರಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೂ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೂ ಸಾಗುತ್ತಿತ್ತು. ಬೆಳಗಾವಿ ಜಿಲ್ಲೆಯಲ್ಲಿಯೇ ಘಟಪ್ರಭಾ ನದಿಯ ಜಲಪಾತದ ಶಕ್ತಿಯನ್ನು ಬಳಸಿಕೊಂಡು 1880ರ ದಶಕದಲ್ಲಿ ಗೋಕಾಕ ಗಿರಣಿ ಸ್ಥಾಪನೆಯಾಯಿತು.

ಗಿರಣಿಗಳ ಜೊತೆಗೆ ಮನೆಮನೆಯ ಮಗ್ಗಗಳೂ ಈ ಭಾಗದಲ್ಲಿ ಉಳಿದವು. ಮಲಪ್ರಭಾ ನದಿಯ ಸೀಮೆಯಲ್ಲಿರುವ ರಾಮದುರ್ಗ, ಸುರೇಬಾನ ಮತ್ತು ಮನಿಹಾಳ ನೇಕಾರರ ಊರುಗಳು. ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ರಾಜ್ಯದಾಚೆಗೂ ಪ್ರಸಿದ್ಧವಾಗಿವೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ನೇಕಾರರಿಗೆ ನೂಲು ಕೊಟ್ಟು, ನೇಯ್ದ ಬಟ್ಟೆಗೆ ಕೂಲಿ ನೀಡುವ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿದೆ. ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಕೊಡುವ ಸಮವಸ್ತ್ರದ ಬಟ್ಟೆಯ ಒಂದು ಭಾಗ ಈ ನಿಗಮದ ಮಗ್ಗಗಳಿಂದ ಪೂರೈಕೆಯಾಗಿದೆ.

ಸೀರೆಯ ಹಲವು ಜನ್ಮಗಳು

ಸೀರೆ, ಧೋತರ, ಪಂಜೆ, ರುಮಾಲು, ಹೊದಿಕೆ ಇವು ಕತ್ತರಿ ಕಾಣದ ಬಟ್ಟೆಗಳು. ಮಗ್ಗದಿಂದ ಇಳಿದ ಆಯತಾಕಾರದ ಬಟ್ಟೆಯನ್ನು ಹಾಗೆಯೇ ಉಡಲಾಗುತ್ತದೆ. ಅಳತೆಗೆ ಹೊಲಿದ ಉಡುಪಿಗಿಂತ ಇದರ ಮರುಬಳಕೆ ಸುಲಭ: ಮೈಕಟ್ಟು ಬದಲಾದರೂ ಉಡಬಹುದು, ತಾಯಿಯ ಸೀರೆಯನ್ನು ಮಗಳು ತಿದ್ದುಪಡಿಯಿಲ್ಲದೆ ಉಡಬಹುದು, ಜೀರ್ಣವಾದಾಗ ನೇರವಾಗಿ ಹರಿದು ಬೇರೆ ಕೆಲಸಕ್ಕೆ ಬಳಸಬಹುದು.

ಹತ್ತಿಯ ಸೀರೆಯೊಂದು ಹಬ್ಬದ ಉಡುಗೆಯಾಗಿ ಮನೆಗೆ ಬಂದು, ಕೆಲವು ವರ್ಷಗಳ ನಂತರ ದಿನಬಳಕೆಗೆ ಇಳಿದು, ಆಮೇಲೆ ಹೊಲದ ಕೆಲಸದ ಉಡುಗೆಯಾಗುತ್ತಿತ್ತು. ಅನೇಕ ಬಾರಿ ಒಗೆದು ಮೆತ್ತಗಾದ ಸೀರೆ ಅಥವಾ ಧೋತರವನ್ನು ಎಳೆಮಗುವಿನ ಹಾಸಿಗೆ, ಹೊದಿಕೆ, ತೊಟ್ಟಿಲ ಬಟ್ಟೆಯಾಗಿ ಬಳಸುವುದು ರೂಢಿ. ಹೊಸ ಬಟ್ಟೆಯ ಗಂಜಿ ಮತ್ತು ಒರಟುತನ ಅದರಲ್ಲಿ ಇರುವುದಿಲ್ಲ. ಮಿಕ್ಕ ತುಂಡುಗಳು ತಲೆಯ ಮೇಲೆ ಕೊಡ ಹೊರುವ ಸಿಂಬಿಯಾಗಿ, ರೊಟ್ಟಿ ಸುತ್ತಿಡುವ ಬಟ್ಟೆಯಾಗಿ, ಒರಸುವ ಅರಿವಿಯಾಗಿ, ದೀಪದ ಬತ್ತಿಯಾಗಿ ಮುಗಿಯುತ್ತಿದ್ದವು. ಶುದ್ಧ ಹತ್ತಿಯಾದ್ದರಿಂದ ಕೊನೆಯ ಚಿಂದಿ ಮಣ್ಣಿನಲ್ಲಿ ಕೊಳೆತುಹೋಗುತ್ತಿತ್ತು.

ಕೌದಿ

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಕೈಯಿಂದ ಹೊಲಿದ ದಪ್ಪನೆಯ ಹಾಸು–ಹೊದಿಕೆಗೆ ಕೌದಿ ಅಥವಾ ಕವದಿ ಎಂದು ಹೆಸರು. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಮೊದಲಾದ ಜಿಲ್ಲೆಗಳಲ್ಲಿ ಇದು ಮನೆಮನೆಯ ವಸ್ತು. ಹಳೆಯ ಸೀರೆ ಅಥವಾ ಧೋತರವನ್ನು ಅಡಿಯಲ್ಲಿ ಹಾಸಿ, ನಡುವೆ ಹರಕು ಬಟ್ಟೆಗಳನ್ನು ಸಮನಾಗಿ ಹರಡಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸೂಜಿ–ದಾರದಿಂದ ಒತ್ತೊತ್ತಾದ ಸಾಲು ಹೊಲಿಗೆ ಹಾಕಲಾಗುತ್ತದೆ. ಹೊಲಿಗೆಯ ಸಾಲುಗಳು ಪದರಗಳನ್ನು ಹಿಡಿದಿಡುವುದರಿಂದ ಒಳಗಿನ ಚಿಂದಿ ಒಂದೆಡೆ ಗುಂಪುಗೂಡುವುದಿಲ್ಲ. ಒಂದು ಪದರ ಹರಿದರೆ ಅದರ ಮೇಲೆ ಮತ್ತೊಂದು ತುಂಡನ್ನು ಇಟ್ಟು ಹೊಲಿಯಬಹುದು. ಹೀಗಾಗಿ ಕೌದಿಯು ದುರಸ್ತಿಯಾಗುತ್ತಲೇ ಬಹುಕಾಲ ಬಾಳುತ್ತದೆ.

ಸುಗ್ಗಿಯ ಕೆಲಸ ಮುಗಿದ ಬೇಸಿಗೆಯ ಬಿಡುವಿನಲ್ಲಿ ಮಹಿಳೆಯರು ಕಟ್ಟೆಯ ಮೇಲೆ ಅಥವಾ ಪಡಸಾಲೆಯಲ್ಲಿ ಕೂಡಿ ಕೌದಿ ಹೊಲಿಯುವುದುಂಟು. ಗೊಂದಲಿಗರು ಮೊದಲಾದ ಅಲೆಮಾರಿ ಸಮುದಾಯಗಳ ಮಹಿಳೆಯರು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಯ ಬಟ್ಟೆಗಳಿಂದ ಕೂಲಿಗೆ ಕೌದಿ ಹೊಲಿದುಕೊಡುತ್ತಾರೆ. ಒಂದೇ ಕೌದಿಯಲ್ಲಿ ಮನೆಯ ಹಲವರ ಬಟ್ಟೆಗಳು ಸೇರುವುದರಿಂದ, ತೀರಿಹೋದ ಹಿರಿಯರ ಸೀರೆ ಅಥವಾ ಧೋತರದ ತುಂಡನ್ನು ಗುರುತಿಸಿ ನೆನೆಯುವ ರೂಢಿಯೂ ಇದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ವಾಸಿಸುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದ್ ಇದರದೇ ಇನ್ನೊಂದು ರೂಪ. ಅವರು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪುಟ್ಟ ಹೂಗಳನ್ನು ಇಡುತ್ತಾರೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಅಧ್ಯಯನ ಮತ್ತು ಪ್ರಯತ್ನದಿಂದ ಈ ಕೌದಿಗಳು ವಿದೇಶಗಳ ಪ್ರದರ್ಶನಗಳಲ್ಲಿಯೂ ಸ್ಥಾನ ಪಡೆದಿವೆ.

ಹಳೇ ಅರಿವಿಗೆ ಭಾಂಡೆ

ಮನೆಯಲ್ಲಿ ಬಳಸಲಾಗದ, ಆದರೆ ಇನ್ನೂ ಗಟ್ಟಿಯಾಗಿರುವ ಬಟ್ಟೆಗಳನ್ನು ಪಾತ್ರೆಗೆ ಬದಲಾಗಿ ಕೊಡುವ ಪದ್ಧತಿ ಭಾರತದ ಬಹುಭಾಗದಲ್ಲಿದೆ. ಸ್ಟೀಲ್ ಮತ್ತು ಪ್ಲಾಸ್ಟಿಕ್ ಸಾಮಾನುಗಳ ಬುಟ್ಟಿ ಹೊತ್ತ ವ್ಯಾಪಾರಿ ಮಹಿಳೆಯರು ಓಣಿಗಳಲ್ಲಿ ಕೂಗುತ್ತ ಬರುತ್ತಾರೆ. ಬಟ್ಟೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಹರಕು–ಕಲೆಗಳನ್ನು ನೋಡಿ ಬೆಲೆ ಕಟ್ಟುತ್ತಾರೆ. ಜರಿಯ ಸೀರೆಗೆ ದೊಡ್ಡ ಪಾತ್ರೆ, ಸಾದಾ ಅಂಗಿಗಳ ರಾಶಿಗೆ ಸಣ್ಣ ಡಬ್ಬಿ. ಹೀಗೆ ಸಂಗ್ರಹವಾದ ಬಟ್ಟೆ ಒಗೆತ, ಹೊಲಿಗೆ, ಇಸ್ತ್ರಿಯ ನಂತರ ಸಂತೆಗಳಲ್ಲಿ ಮಾರಾಟವಾಗುತ್ತದೆ. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು ನಡೆಸುವ ಹಳೆ ಬಟ್ಟೆಯ ಮಾರುಕಟ್ಟೆ ಈ ವ್ಯಾಪಾರದ ದೊಡ್ಡ ಕೇಂದ್ರ. ಮಾನವಶಾಸ್ತ್ರಜ್ಞೆ ಲೂಸಿ ನಾರಿಸ್ ಅವರು 2010ರಲ್ಲಿ ಪ್ರಕಟಿಸಿದ ಗ್ರಂಥವು ಭಾರತದ ಹಳೆ ಬಟ್ಟೆಯ ಈ ಸರಪಳಿಯನ್ನು ವಿವರವಾಗಿ ದಾಖಲಿಸಿದೆ.

ಸಾಮಾಜಿಕ ಅರ್ಥ

ಭಾರತದಲ್ಲಿ ಪರರು ತೊಟ್ಟ ಬಟ್ಟೆಯನ್ನು ತೊಡಲು ಹಿಂಜರಿಯುವುದಕ್ಕೆ ಮಡಿ–ಮೈಲಿಗೆಯ ಕಲ್ಪನೆ ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣ ಜಾತಿವ್ಯವಸ್ಥೆಯಲ್ಲಿದೆ. ಶೂದ್ರ ಸೇವಕನಿಗೆ ಉಂಡು ಉಳಿದ ಅನ್ನವನ್ನೂ ಜೀರ್ಣವಾದ ಬಟ್ಟೆಯನ್ನೂ ಕೊಡಬೇಕೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸುತ್ತದೆ. ಚಂಡಾಲರಿಗೆ ಶವದ ಮೇಲಿನ ಬಟ್ಟೆಯನ್ನು ಗೊತ್ತುಪಡಿಸುತ್ತದೆ. ದುಡಿದವರಿಗೆ ಕೂಲಿಯ ಬದಲು ಅಥವಾ ಕೂಲಿಯ ಜೊತೆಗೆ ಹಳೆಯ ಬಟ್ಟೆ ಕೊಡುವ ರೂಢಿ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಹೀಗಾಗಿ ತಲೆಮಾರುಗಳ ಕಾಲ ಹಳೆಯ ಬಟ್ಟೆಯನ್ನೇ ತೊಡಬೇಕಾಗಿ ಬಂದ ಸಮುದಾಯಗಳಿಗೆ ಹೊಸ ಬಟ್ಟೆ ಸ್ವಾಭಿಮಾನದ ಗುರುತಾಗಿದೆ. 1927ರಲ್ಲಿ ಮಹಾಡದಲ್ಲಿ ಮಹಿಳೆಯರನ್ನು ಉದ್ದೇಶಿಸಿ ಮಾತನಾಡಿದ ಬಿ. ಆರ್. ಅಂಬೇಡ್ಕರ್ ಅವರು ಜಾತಿಯನ್ನು ಸೂಚಿಸುವ ಉಡುವ ರೀತಿಯನ್ನು ಬಿಡುವಂತೆ ಕರೆ ನೀಡಿದ್ದರು.

ಕೊಡುವವರ ದೃಷ್ಟಿಯ ಪ್ರಶ್ನೆಯೂ ಹಳೆಯದೇ. 1921ರಲ್ಲಿ ವಿದೇಶಿ ಬಟ್ಟೆಯನ್ನು ಸುಡುವ ಚಳವಳಿ ನಡೆದಾಗ, ಸುಡುವ ಬದಲು ಬಡವರಿಗೆ ಕೊಡಬಾರದೇಕೆ ಎಂಬ ಆಕ್ಷೇಪ ಬಂದಿತು. ತಾವು ತೊಡಲು ನಾಚುವ ಬಟ್ಟೆಯನ್ನು ಬಡವರಿಗೆ ಕೊಡುವುದು ಅವರ ಸ್ವಾಭಿಮಾನವನ್ನು ಕಡೆಗಣಿಸಿದಂತೆ ಎಂಬ ಅರ್ಥದಲ್ಲಿ ಮೋಹನದಾಸ ಗಾಂಧಿಯವರು ಉತ್ತರಿಸಿದರು.

ಈ ಹಿನ್ನೆಲೆಯಿಂದಾಗಿ, ಪಾಶ್ಚಾತ್ಯ ನಗರಗಳಲ್ಲಿ ಬಳಸಿದ ಉಡುಪಿಗೆ ದೊರೆತ ಹೊಸ ಮನ್ನಣೆಯನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದು. ಸ್ವಂತ ಇಚ್ಛೆಯಿಂದ ಹಳೆಯ ಬಟ್ಟೆ ಆರಿಸುವವರು ಮತ್ತು ಬೇರೆ ದಾರಿಯಿಲ್ಲದೆ ತೊಡುವವರು ಒಂದೇ ಸಂತೆಯಲ್ಲಿ ಕೊಳ್ಳುತ್ತಿದ್ದರೂ ಅವರ ಸ್ಥಿತಿ ಬೇರೆಬೇರೆಯಾಗಿದೆ. ಬಂಧುಗಳ ನಡುವೆ ಸಾಗುವ ಬಟ್ಟೆ ಮಾತ್ರ ಬಹುತೇಕ ಎಲ್ಲ ಸಮುದಾಯಗಳಲ್ಲೂ ಪ್ರೀತಿಯ ಸಂಕೇತವಾಗಿಯೇ ಉಳಿದಿದೆ.

ಮರುಬಳಕೆಯ ಸರಪಳಿಯ ಮೇಲಿನ ಪರಿಣಾಮ

ಕೌದಿ, ತೊಟ್ಟಿಲು, ಸಿಂಬಿ, ಬತ್ತಿಗಳ ಹಳೆಯ ಸರಪಳಿ ಹತ್ತಿಯ, ಹೊಲಿಗೆಯಿಲ್ಲದ, ಅಗಲವಾದ ಬಟ್ಟೆಯನ್ನು ಆಧರಿಸಿತ್ತು. ಈಗಿನ ಸಿದ್ಧ ಉಡುಪುಗಳ ಸ್ವರೂಪ ಬೇರೆ. ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ ಎಳೆಗಳ ಉತ್ಪಾದನೆ 12.4 ಕೋಟಿ ಟನ್ ಆಗಿದ್ದು, ಅದರಲ್ಲಿ ಪಾಲಿಯೆಸ್ಟರ್‌ನ ಪಾಲು ಶೇ 57. ಪಾಲಿಯೆಸ್ಟರ್ ಬಟ್ಟೆ ಬೆವರು ಹೀರುವುದಿಲ್ಲ. ಎಳೆಮಗುವಿನ ಹಾಸಿಗೆಗೂ ನೆಲ ಒರಸುವುದಕ್ಕೂ ಒಗ್ಗುವುದಿಲ್ಲ. ದೀಪದ ಬತ್ತಿಯಾಗದೆ ಕರಗಿ ಉರಿಯುತ್ತದೆ. ಹಿಗ್ಗುವ ಹೆಣಿಗೆಯ ಬಟ್ಟೆಯನ್ನು ಕೌದಿಯಲ್ಲಿ ಸಮನಾಗಿ ಹರಡಿ ಹೊಲಿಯುವುದು ಕಷ್ಟ. ತೋಳು, ಕಾಲರ್, ಜೇಬುಗಳಾಗಿ ಕತ್ತರಿಸಿದ ಅಂಗಿಯಿಂದ ದೊಡ್ಡ ತುಂಡು ಸಿಗುವುದಿಲ್ಲ. ಹತ್ತಿ, ಪಾಲಿಯೆಸ್ಟರ್, ಸ್ಪ್ಯಾಂಡೆಕ್ಸ್ ಬೆರೆತ ಎಳೆಗಳನ್ನು ಬಿಡಿಸಿ ಮತ್ತೆ ನೂಲುವುದು ಯಂತ್ರಗಳಿಗೂ ಸುಲಭವಲ್ಲ.

ಕೌದಿ ಹೊಲಿಯುವವರು ಈಗ ಸಿಂಥೆಟಿಕ್ ಸೀರೆಗಳನ್ನೂ ಬಳಸುತ್ತಾರೆ. ಇವು ಬೇಗ ಹರಿಯುವುದಿಲ್ಲವಾದರೂ ಜಾರುತ್ತವೆ ಮತ್ತು ಬೇಸಿಗೆಯಲ್ಲಿ ಸೆಕೆ ಹೆಚ್ಚಿಸುತ್ತವೆ. ಕಾರ್ಖಾನೆಯ ಅಗ್ಗದ ಬ್ಲಾಂಕೆಟ್‌ಗಳು ಬಂದ ಮೇಲೆ ಕೌದಿಯ ದಿನಬಳಕೆ ಕಡಿಮೆಯಾಗಿದೆ. ಇನ್ನೊಂದೆಡೆ ಅದು ಕರಕುಶಲ ವಸ್ತುವಾಗಿ ನಗರಗಳ ಮೇಳಗಳಲ್ಲಿ ಮಾರಾಟವಾಗುತ್ತಿದೆ. ಅಲ್ಲಿ ಕೆಲವೊಮ್ಮೆ ಹೊಸ ಬಟ್ಟೆಯನ್ನೇ ಕತ್ತರಿಸಿ ಕೌದಿ ಮಾಡುವುದೂ ಉಂಟು.

ಪರಿಸರದ ಮೇಲಿನ ಪರಿಣಾಮ

ಉಡುಪಿನಿಂದಾಗುವ ಪರಿಸರ ಹಾನಿಯ ಹೆಚ್ಚಿನ ಭಾಗ ಅದರ ತಯಾರಿಕೆಯ ಹಂತದಲ್ಲಿಯೇ ಸಂಭವಿಸುತ್ತದೆ. ಸುಮಾರು 250 ಗ್ರಾಂ ತೂಕದ ಹತ್ತಿಯ ಅಂಗಿಯೊಂದಕ್ಕೆ, ಬೆಳೆಯಿಂದ ಬಣ್ಣದವರೆಗೆ, ಜಾಗತಿಕ ಸರಾಸರಿಯಲ್ಲಿ 2,500 ಲೀಟರ್ ನೀರು ವೆಚ್ಚವಾಗುತ್ತದೆ ಎಂದು ಜಲ ಹೆಜ್ಜೆಗುರುತಿನ ಅಧ್ಯಯನಗಳು ಅಂದಾಜಿಸಿವೆ. ಪಾಲಿಯೆಸ್ಟರ್‌ಗೆ ಇಷ್ಟು ನೀರು ಬೇಡವಾದರೂ ಅದು ಪೆಟ್ರೋಲಿಯಂ ಮೂಲದ್ದು. ಪ್ರತಿ ಸಲ ಒಗೆದಾಗಲೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಜಗತ್ತಿನ ಹಸಿರುಮನೆ ಅನಿಲಗಳ ಹೊರಸೂಸುವಿಕೆಯಲ್ಲಿ ಫ್ಯಾಷನ್ ಉದ್ಯಮದ ಪಾಲು ಶೇ 2ರಿಂದ 8 ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜಿಸಿದೆ. ವರ್ಷಕ್ಕೆ 9.2 ಕೋಟಿ ಟನ್ ಬಟ್ಟೆಯ ತ್ಯಾಜ್ಯ ಉತ್ಪತ್ತಿಯಾಗುತ್ತದೆ ಎಂದೂ ಅದು ಹೇಳುತ್ತದೆ.

ಬ್ರಿಟನ್ನಿನ ವ್ರ್ಯಾಪ್ ಸಂಸ್ಥೆಯ 2012ರ ಅಧ್ಯಯನದ ಪ್ರಕಾರ, ಉಡುಪಿನ ಬಳಕೆಯ ಅವಧಿಯನ್ನು ಒಂಬತ್ತು ತಿಂಗಳು ಹೆಚ್ಚಿಸಿದರೆ ಅದರ ಇಂಗಾಲ, ನೀರು ಮತ್ತು ತ್ಯಾಜ್ಯದ ಹೊರೆ ಶೇ 20ರಿಂದ 30ರಷ್ಟು ಇಳಿಯುತ್ತದೆ. ಆದರೆ ಬಳಸಿದ ಉಡುಪಿನ ಖರೀದಿಯಿಂದ ಲಾಭವಾಗಬೇಕಾದರೆ ಅದು ಹೊಸ ಉಡುಪಿನ ಖರೀದಿಗೆ ಬದಲಾಗಿ ನಡೆಯಬೇಕು. ಸ್ವೀಡನ್ ಮತ್ತು ಎಸ್ಟೋನಿಯಾಗಳಲ್ಲಿನ ಮರುಬಳಕೆಯನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, 100 ಬಳಸಿದ ಉಡುಪುಗಳ ಖರೀದಿಯಿಂದ 60ರಿಂದ 85 ಹೊಸ ಉಡುಪುಗಳ ಖರೀದಿ ತಪ್ಪುತ್ತದೆ ಎಂದು ಲೆಕ್ಕಹಾಕಿತು. ಅಗ್ಗವೆಂಬ ಕಾರಣಕ್ಕೆ ಬೇಡದಿದ್ದರೂ ಕೊಂಡ ಹಳೆಯ ಬಟ್ಟೆಯಿಂದ ಇಂತಹ ಉಳಿತಾಯವಾಗುವುದಿಲ್ಲ. ಈಗಾಗಲೇ ಮನೆಯಲ್ಲಿರುವ ಬಟ್ಟೆಯನ್ನು ದುರಸ್ತಿ ಮಾಡಿ ಧರಿಸುವುದು ಇವೆರಡಕ್ಕಿಂತಲೂ ಕಡಿಮೆ ಹೊರೆಯ ಮಾರ್ಗ.

ಭಾರತದಲ್ಲಿ ಸಂಗ್ರಹಣೆ ಮತ್ತು ಸಂಸ್ಕರಣೆ

ಫ್ಯಾಷನ್ ಫಾರ್ ಗುಡ್ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆಯ ತ್ಯಾಜ್ಯ ಸೇರುತ್ತದೆ. ಇದರಲ್ಲಿ ಶೇ 51ರಷ್ಟು ಮನೆಗಳಿಂದ, ಶೇ 42ರಷ್ಟು ಗಿರಣಿ ಮತ್ತು ಉಡುಪು ಕಾರ್ಖಾನೆಗಳಿಂದ, ಶೇ 7ರಷ್ಟು ಆಮದಿನಿಂದ ಬರುತ್ತದೆ. ಒಟ್ಟು ತ್ಯಾಜ್ಯದಲ್ಲಿ ಶೇ 59ರಷ್ಟು ಮರುಬಳಕೆ ಅಥವಾ ಮರುಸಂಸ್ಕರಣೆಯ ಮೂಲಕ ಮತ್ತೆ ಜವಳಿ ಉದ್ಯಮವನ್ನು ಸೇರುತ್ತದೆ. ಈ ಕೆಲಸದ ಬಹುಪಾಲು ನಡೆಯುವುದು ಚಿಂದಿ ಆಯುವವರು, ಪಾತ್ರೆ ವ್ಯಾಪಾರಿಗಳು ಮತ್ತು ಸಣ್ಣ ಗೋದಾಮುಗಳ ಅಸಂಘಟಿತ ದುಡಿಮೆಯಿಂದ.

ಹರಿಯಾಣದ ಪಾಣಿಪತ್ ನಗರ ಹಳೆಯ ಉಣ್ಣೆ ಮತ್ತು ಮಿಶ್ರ ಬಟ್ಟೆಗಳನ್ನು ಬಣ್ಣವಾರು ವಿಂಗಡಿಸಿ, ಎಳೆ ಬಿಡಿಸಿ, ಶಾಡಿ ನೂಲು ಮತ್ತು ಕಂಬಳಿ ತಯಾರಿಸುವ ಜಾಗತಿಕ ಕೇಂದ್ರವಾಗಿದೆ. ದೇಶೀಯ ಜವಳಿಯನ್ನು ರಕ್ಷಿಸುವ ಸಲುವಾಗಿ ತೊಡಬಹುದಾದ ಹಳೆ ಉಡುಪಿನ ಆಮದಿಗೆ ಭಾರತದಲ್ಲಿ ನಿರ್ಬಂಧವಿದೆ. ಮತ್ತೆ ತೊಡಲಾಗದಂತೆ ಕತ್ತರಿಸಿದ ಬಟ್ಟೆಯನ್ನು ಕಚ್ಚಾವಸ್ತುವಾಗಿ ತರಿಸಲು ಅವಕಾಶವಿದೆ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದ ಘಟಕಗಳು ವಿದೇಶಿ ಹಳೆ ಬಟ್ಟೆಯನ್ನು ವಿಂಗಡಿಸಿ ಮರುರಫ್ತು ಮಾಡುತ್ತವೆ.

1999ರಲ್ಲಿ ಅಂಶು ಗುಪ್ತಾ ಅವರು ದೆಹಲಿಯಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆಯು ನಗರಗಳಿಂದ ಬಟ್ಟೆ ಸಂಗ್ರಹಿಸಿ, ವಿಂಗಡಿಸಿ, ಹಳ್ಳಿಗಳಲ್ಲಿ ಜನರೇ ಕೈಗೊಳ್ಳುವ ಕೆರೆ, ದಾರಿ, ಬಾವಿಗಳ ಕೆಲಸಕ್ಕೆ ಪ್ರತಿಫಲವಾಗಿ ಕೊಡುತ್ತದೆ. ಬಟ್ಟೆಯನ್ನು ಭಿಕ್ಷೆಯಂತೆ ಕೊಡದೆ ದುಡಿಮೆಗೆ ಗೌರವವಾಗಿ ಕೊಡಬೇಕೆಂಬುದು ಇದರ ತತ್ತ್ವ. ಗುಪ್ತಾ ಅವರಿಗೆ 2015ರ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಸ್ವಚ್ಛ ಭಾರತ ಅಭಿಯಾನದ ನಗರ ವಿಭಾಗವು 2023ರ ಮೇ ತಿಂಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಪಾದರಕ್ಷೆಗಳನ್ನು ನಾಗರಿಕರು ತಂದೊಪ್ಪಿಸುವ ಕೇಂದ್ರಗಳನ್ನು ದೇಶದಾದ್ಯಂತ ಸ್ಥಳೀಯ ಸಂಸ್ಥೆಗಳ ಮೂಲಕ ತೆರೆಯಿಸಿತು. 2015ರಲ್ಲಿ ಇರಾನಿನ ಮಶ್ಹದ್ ನಗರದಲ್ಲಿ ಕಾಣಿಸಿಕೊಂಡ ಕರುಣೆಯ ಗೋಡೆಯ ಕಲ್ಪನೆ, ಅಂದರೆ ಬೇಡವಾದ ಬಟ್ಟೆಯನ್ನು ಬೀದಿಯ ಗೋಡೆಗೆ ತೂಗುಹಾಕಿ ಬೇಕಾದವರು ಒಯ್ಯುವಂತೆ ಮಾಡುವುದು, ಭಾರತದ ಊರುಗಳಿಗೂ ಹಬ್ಬಿದೆ.

ವಿಪತ್ತಿನ ಸಮಯದ ಬಟ್ಟೆ ದಾನ

ನೆರೆ, ಭೂಕಂಪಗಳ ಸಂದರ್ಭದಲ್ಲಿ ಹಳೆಯ ಬಟ್ಟೆಯ ದಾನ ಹೇರಳವಾಗಿ ಬರುತ್ತದೆ. ವಿಂಗಡಿಸದೆ ಕಳುಹಿಸಿದ ಬಟ್ಟೆ ಸಂತ್ರಸ್ತರಿಗೆ ಉಪಯೋಗವಾಗದೆ ಹೋಗುವುದುಂಟು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಬದಿಗಳಲ್ಲಿ ಇಂತಹ ಬಟ್ಟೆಯ ರಾಶಿಗಳು ಬಿದ್ದಿದ್ದವು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಉಕ್ಕಿ ಹರಿದಾಗ ರಾಮದುರ್ಗ ತಾಲ್ಲೂಕಿನ ನದಿತೀರದ ಮನೆಗಳ ಜೊತೆಗೆ ನೇಕಾರರ ಮಗ್ಗಗಳೂ ನೀರಿನಲ್ಲಿ ಮುಳುಗಿದವು. ನೇಕಾರ ಕುಟುಂಬಕ್ಕೆ ಇಂತಹ ಹೊತ್ತಿನಲ್ಲಿ ಉಡಲು ಬಟ್ಟೆ ಬೇಕಾಗುವಂತೆಯೇ ಹಾಸು, ನೂಲು, ಮಗ್ಗದ ದುರಸ್ತಿ ಮತ್ತು ನೇಯ್ದ ಬಟ್ಟೆಗೆ ಕೊಳ್ಳುವವರೂ ಬೇಕಾಗುತ್ತಾರೆ.

ನೇಕಾರಿಕೆ ಮತ್ತು ಉದ್ಯೋಗ

ಹಳೆಯ ಬಟ್ಟೆಯ ಬಳಕೆ ಹೆಚ್ಚಿದರೆ ಹೊಸ ಬಟ್ಟೆ ನೇಯುವವರ ಗತಿಯೇನು ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಎದ್ದಿದೆ. ಆಫ್ರಿಕಾದಲ್ಲಿ ಶ್ರೀಮಂತ ದೇಶಗಳ ಹಳೆ ಬಟ್ಟೆಯ ಆಮದು ಸ್ಥಳೀಯ ಜವಳಿಯನ್ನು ಕುಗ್ಗಿಸಿತೆಂಬ ದೂರಿದೆ. 2016ರಲ್ಲಿ ರುವಾಂಡ ಸರ್ಕಾರ ಇಂತಹ ಆಮದಿನ ಮೇಲಿನ ಸುಂಕವನ್ನು ಬಹುವಾಗಿ ಏರಿಸಿತು. ಇದಕ್ಕೆ ಪ್ರತಿಯಾಗಿ ಅಮೆರಿಕ 2018ರಲ್ಲಿ ರುವಾಂಡದ ಉಡುಪಿಗೆ ನೀಡಿದ್ದ ಸುಂಕರಹಿತ ಪ್ರವೇಶವನ್ನು ಅಮಾನತುಗೊಳಿಸಿತು. ಘಾನಾದ ಅಕ್ರಾ ನಗರದ ಕಂಟಮಾಂಟೊ ಮಾರುಕಟ್ಟೆ ಸಾವಿರಾರು ಜನರಿಗೆ ಜೀವನಾಧಾರವಾಗಿದ್ದರೂ, ಅಲ್ಲಿಗೆ ಬರುವ ಕಳಪೆ ಬಟ್ಟೆಯ ಗಣನೀಯ ಭಾಗ ಮಾರಾಟವಾಗದೆ ಕಡಲತೀರವನ್ನು ಸೇರುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿಯೂ ಆಮದಾದ ಬಟ್ಟೆಯ ಗುಡ್ಡೆಗಳು ಬೆಳೆದಿವೆ.

ಕರ್ನಾಟಕದ ಪರಿಸ್ಥಿತಿಯಲ್ಲಿ ಕೈಮಗ್ಗದ ಎದುರಾಳಿ ಹಳೆಯ ಬಟ್ಟೆಯಲ್ಲ. ವಿದ್ಯುತ್ ಮಗ್ಗ ಮತ್ತು ಗಿರಣಿಗಳ ಅಗ್ಗದ ಬಟ್ಟೆ, ನೂಲಿನ ಬೆಲೆಯ ಏರಿಳಿತ ಮತ್ತು ಕಡಿಮೆ ಕೂಲಿ ಅದರ ಮುಖ್ಯ ಸಮಸ್ಯೆಗಳು. ಕೆಲವು ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನನ್ನು ಕೇಂದ್ರ ಸರ್ಕಾರ 1985ರಲ್ಲಿ ತಂದಿತು. 2019–20ರ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35.22 ಲಕ್ಷ ನೇಕಾರರು ಮತ್ತು ಸಹಾಯಕ ಕೆಲಸಗಾರರಿದ್ದಾರೆ. ಗಟ್ಟಿಯಾದ ಹತ್ತಿಯ ಬಟ್ಟೆಗೆ ಮರುಬಳಕೆಯ ಮೌಲ್ಯವೂ ಹೆಚ್ಚಾದ್ದರಿಂದ, ಕಡಿಮೆ ಸಂಖ್ಯೆಯಲ್ಲಿ ಆದರೆ ಬಾಳಿಕೆಯ ಬಟ್ಟೆಯನ್ನು ಕೊಳ್ಳುವ ಅಭ್ಯಾಸವು ನೇಕಾರಿಕೆಗೂ ಮರುಬಳಕೆಗೂ ಒಟ್ಟಿಗೆ ಅನುಕೂಲವಾಗಬಲ್ಲದು. ಆದರೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವ ಅಪಾರ ಸಂಖ್ಯೆಯ ಮಹಿಳೆಯರ ಜೀವನ ಇದೇ ಶೀಘ್ರ ಉತ್ಪಾದನೆಯನ್ನು ಅವಲಂಬಿಸಿದೆ. ಬೇಡಿಕೆ ಇಳಿದರೆ ಮೊದಲ ಪೆಟ್ಟು ಅವರ ಕೂಲಿಗೆ ಬೀಳುತ್ತದೆ.

ಆಯ್ಕೆ ಮತ್ತು ಆರೈಕೆ

ಬಳಸಿದ ಉಡುಪನ್ನು ಕೊಳ್ಳುವಾಗ ಸಾಮಾನ್ಯವಾಗಿ ಕೆಳಗಿನ ಅಂಶಗಳನ್ನು ಪರೀಕ್ಷಿಸಲಾಗುತ್ತದೆ.

ಬಟ್ಟೆಯ ಗಟ್ಟಿತನ: ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸವೆದ ಜಾಗಗಳು ತೆಳುವಾಗಿ ಕಾಣುತ್ತವೆ. ಮೊಣಕೈ, ಮೊಣಕಾಲು, ಕೂರುವ ಭಾಗ, ಸೀರೆಯ ಮಡಿಕೆ ಮತ್ತು ಅಂಚು ಬೇಗ ಸವೆಯುತ್ತವೆ.

ಹೊಲಿಗೆ: ಕಂಕುಳು, ಕಾಲರ್ ಮತ್ತು ಜೇಬಿನ ಬಳಿ ಹೊಲಿಗೆ ಬಿಟ್ಟಿದ್ದರೆ ದುರಸ್ತಿ ಸುಲಭ, ಬಟ್ಟೆಯೇ ಹರಿದಿದ್ದರೆ ಕಷ್ಟ. ಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿದ್ದರೆ ಅಳತೆ ಬದಲಿಸಬಹುದು.

ಕಲೆ ಮತ್ತು ಬಣ್ಣ: ಬೆವರಿನ ಹಳದಿ ಕಲೆ ಮತ್ತು ಎಣ್ಣೆಯ ಹಳೆಯ ಕಲೆ ಸುಲಭವಾಗಿ ಹೋಗುವುದಿಲ್ಲ. ಅನೇಕ ಸಲ ಒಗೆದ ಬಟ್ಟೆಯಾದ್ದರಿಂದ ಬಣ್ಣ ಬಿಡುವ, ಕುಗ್ಗುವ ಸಂಭವ ಹೊಸ ಬಟ್ಟೆಗಿಂತ ಕಡಿಮೆ.

ಗುಂಡಿ, ಜಿಪ್, ಇಲಾಸ್ಟಿಕ್: ಗುಂಡಿ ಬದಲಿಸುವುದಕ್ಕೆ ಖರ್ಚು ಕಡಿಮೆ, ಜಿಪ್ ಬದಲಿಸಲು ದರ್ಜಿಯ ನೆರವು ಬೇಕು. ಜೀವ ಕಳೆದುಕೊಂಡ ಇಲಾಸ್ಟಿಕ್ ಉಡುಪಿನ ಆಕಾರವನ್ನು ಕೆಡಿಸುತ್ತದೆ.

ತೊಡುವ ಮುನ್ನ ಬಟ್ಟೆಯನ್ನು ಸಾಬೂನು ಮತ್ತು ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಿ, ಇಸ್ತ್ರಿ ಮಾಡುವುದರಿಂದ ಕಜ್ಜಿಯ ಹುಳು, ಹೇನು ಮೊದಲಾದವುಗಳ ಅಪಾಯ ನಿವಾರಣೆಯಾಗುತ್ತದೆ. ಬಿಸಿನೀರನ್ನು ತಾಳದ ರೇಷ್ಮೆ ಮತ್ತು ಉಣ್ಣೆಯ ಬಟ್ಟೆಗಳನ್ನು ಕೆಲವು ದಿನ ಮುಚ್ಚಿದ ಚೀಲದಲ್ಲಿಟ್ಟು ನಂತರ ಶುಚಿಗೊಳಿಸಲಾಗುತ್ತದೆ. ಒಳ ಉಡುಪುಗಳನ್ನು ಬಳಸಿದ್ದು ಕೊಳ್ಳದಿರುವುದು ಸಾಮಾನ್ಯ ರೂಢಿ.

ಟೀಕೆ ಮತ್ತು ಮಿತಿಗಳು

ಬಳಸಿದ ಉಡುಪಿನ ಮಾರುಕಟ್ಟೆಯು ಫಾಸ್ಟ್ ಫ್ಯಾಷನ್‌ಗೆ ಪರ್ಯಾಯವಾಗುವ ಬದಲು ಅದರ ಹಿಂಬಾಗಿಲಾಗುವ ಸಾಧ್ಯತೆಯನ್ನು ವಿಮರ್ಶಕರು ತೋರಿಸಿದ್ದಾರೆ. ಹಳೆಯದನ್ನು ಕೊಟ್ಟುಬಿಟ್ಟೆ ಎಂಬ ಸಮಾಧಾನ ಹೊಸದನ್ನು ಕೊಳ್ಳಲು ಪ್ರೇರಣೆಯಾಗಬಹುದು. ಹಳೆ ಬಟ್ಟೆ ಫ್ಯಾಷನ್ ಆದಾಗ ಅದರ ಬೆಲೆ ಏರಿ, ಅದನ್ನೇ ನೆಚ್ಚಿಕೊಂಡ ಬಡವರಿಗೆ ತೊಂದರೆಯಾಗಬಹುದು. ಕೆಲವೇ ಸಲ ಒಗೆದೊಡನೆ ಆಕಾರ ಕಳೆದುಕೊಳ್ಳುವ ಬಟ್ಟೆಯನ್ನು ಎರಡನೆಯವರಿಗೆ ದಾಟಿಸಿದರೂ ಅದರ ಆಯುಷ್ಯ ಹೆಚ್ಚಾಗುವುದಿಲ್ಲ.

ಈ ಕಾರಣಗಳಿಂದ ಹೊಣೆಯನ್ನು ಕೊಳ್ಳುವವರ ಮೇಲೆ ಮಾತ್ರ ಹೊರಿಸದೆ ತಯಾರಕರ ಮೇಲೂ ಹೊರಿಸುವ ಕಾನೂನುಗಳು ರೂಪುಗೊಳ್ಳುತ್ತಿವೆ. ಮಾರಾಟವಾಗದ ಉಡುಪನ್ನು ನಾಶಪಡಿಸುವುದನ್ನು ಫ್ರಾನ್ಸ್ 2022ರಿಂದ ನಿಷೇಧಿಸಿದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿ 1ರಿಂದ ಬಟ್ಟೆಯ ತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯವಾಗಿದೆ.